ಬಾರ್ಡರ್ ಬಣ್ಣ ಬದಲಾಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಒಂದು ಇನ್‌ಪುಟ್ ಬಾಕ್ಸ್ ಇದೆ. ಅದರಲ್ಲಿ ತಪ್ಪು ತುಂಬಿದರೆ ಬಾರ್ಡರ್ ಕೆಂಪಾಗಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬರೆದಿದ್ದೀರಿ, ಫೈಲ್ ಸೇವ್ ಮಾಡಿದ್ದೀರಿ, ಪೇಜ್ ರಿಫ್ರೆಶ್ ಮಾಡಿದ್ದೀರಿ. ಬಾರ್ಡರ್ ಮಾತ್ರ ಹಾಗೇ ಬೂದು ಬಣ್ಣದಲ್ಲಿದೆ. ಕನ್ಸೋಲ್ ತೆರೆದರೆ ಅಲ್ಲೂ ಖಾಲಿ, ಒಂದೇ ಒಂದು ಎರರ್ ಇಲ್ಲ.

ಈ ದೋಷದಲ್ಲಿ ನಮ್ಮ ಸಮಯವನ್ನೆಲ್ಲ ತಿನ್ನುವುದು ಆ ಮೌನವೇ. ಪೇಜ್‌ನ ರೂಪ, ಬಣ್ಣ ಹೇಳುವ ಸಿಎಸ್‌ಎಸ್ ತನಗೆ ಅರ್ಥವಾಗದ್ದನ್ನು ಸದ್ದಿಲ್ಲದೆ ಬಿಟ್ಟು ಮುಂದಕ್ಕೆ ಹೋಗುತ್ತದೆ. 1996ರಲ್ಲಿ ಬಂದ ಮೊದಲ ಸಿಎಸ್‌ಎಸ್‌ನಿಂದಲೂ ನಿಯಮ ಇದೇ. ಹಳೆಯ ಬ್ರೌಸರ್‌ಗೆ ಹೊಸ ಪ್ರಾಪರ್ಟಿ ಸಿಕ್ಕರೆ ಇಡೀ ಪೇಜ್ ಕೆಡಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದು. ಜಾವಾಸ್ಕ್ರಿಪ್ಟ್‌ನಿಂದ ಸ್ಟೈಲ್ ಬದಲಿಸುವಾಗಲೂ ಇದೇ ನಿಯಮ ನಡೆಯುತ್ತದೆ. ಆದ್ದರಿಂದ ಕೋಡನ್ನೇ ದಿಟ್ಟಿಸುತ್ತಾ ಕೂತರೆ ಪ್ರಯೋಜನವಿಲ್ಲ. ಬರೆದದ್ದು ನಿಜವಾಗಿ ಒಳಗೆ ಹೋಯಿತೇ ಎಂದು ಪ್ರತಿ ಹಂತದಲ್ಲೂ ಬ್ರೌಸರ್‌ನ್ನೇ ಕೇಳಬೇಕು.

ಮುಂದೆ ಕೋಡ್‌ನ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ನಿಮ್ಮ ಎಡಿಟರ್‌ನಲ್ಲಿ ಅವು ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಬಾರ್ಡರ್‌ಕಲರ್ ಎಂದು ಕೂಡಿಸಿ ಬರೆದ ಕಡೆ ಅದು ಜಾವಾಸ್ಕ್ರಿಪ್ಟ್‌ನ ರೂಪ, ನಡುವಿನ ಸಿ ದೊಡ್ಡಕ್ಷರ. ಬಾರ್ಡರ್-ಕಲರ್ ಎಂದು ಹೈಫನ್ ಇದ್ದ ಕಡೆ ಅದು ಸಿಎಸ್‌ಎಸ್‌ನ ರೂಪ. ಈ ಎರಡರ ವ್ಯತ್ಯಾಸವೇ ಮುಂದೆ ಒಂದೆರಡು ದೋಷಗಳಿಗೆ ಕಾರಣವಾಗುತ್ತದೆ.

ಮೊದಲು ಕನ್ಸೋಲ್‌ನಿಂದ ಬಣ್ಣ ಹಚ್ಚಿ ನೋಡಿ

ಬೇರೇನೂ ಮಾಡುವ ಮುಂಚೆ ಈ ಒಂದು ಪರೀಕ್ಷೆ ಮಾಡಿ. ಬಾರ್ಡರ್ ಬದಲಾಗಬೇಕಾದ ಎಲಿಮೆಂಟ್ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ಇನ್‌ಸ್ಪೆಕ್ಟ್ ಆರಿಸಿ. ಬ್ರೌಸರ್‌ನ ಡೆವ್‌ಟೂಲ್ಸ್ (ಪೇಜ್ ಪರೀಕ್ಷಿಸುವ ಸಾಧನಗಳು) ತೆರೆದುಕೊಂಡು ಆ ಎಲಿಮೆಂಟ್‌ನ ಸಾಲು ಹೈಲೈಟ್ ಆಗುತ್ತದೆ. ಈಗ ಕನ್ಸೋಲ್‌ಗೆ ಹೋಗಿ ಇದನ್ನು ಟೈಪ್ ಮಾಡಿ:

$0.ಸ್ಟೈಲ್.ಬಾರ್ಡರ್‌ಕಲರ್ = "#008000"

ಕನ್ಸೋಲ್‌ನಲ್ಲಿ $0 ಎಂದರೆ ನೀವು ಈಗಷ್ಟೇ ಆರಿಸಿದ ಎಲಿಮೆಂಟ್. ಎಂಟರ್ ಒತ್ತಿದ ಮೇಲೆ ಏನಾಯಿತು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಬಾರ್ಡರ್ ಹಸಿರಾದರೆ ಎಲಿಮೆಂಟ್ ಸರಿ ಇದೆ, ಸಿಎಸ್‌ಎಸ್ ಅಡ್ಡ ಬರುತ್ತಿಲ್ಲ. ನಿಮ್ಮ ಕೋಡ್ ಅಲ್ಲಿಗೆ ತಲುಪುತ್ತಿಲ್ಲ, ಇಲ್ಲವೇ ನೀವು ಕೊಡುವ ಬಣ್ಣದ ಮೌಲ್ಯ ಸರಿಯಿಲ್ಲ. ಏನೂ ಆಗದಿದ್ದರೆ ಜಾವಾಸ್ಕ್ರಿಪ್ಟ್ ಫೈಲನ್ನು ಮುಚ್ಚಿಬಿಡಿ, ದೋಷ ಸಿಎಸ್‌ಎಸ್ ಕಡೆ ಇದೆ. ಹಸಿರಾಗಿ ಸ್ವಲ್ಪ ಹೊತ್ತಿಗೆ ಹಳೆಯ ಬಣ್ಣಕ್ಕೆ ಮರಳಿದರೆ ಬೇರೆ ಯಾವುದೋ ಕೋಡ್ ನಿಮ್ಮ ಹಿಂದೆಯೇ ಬಂದು ಅಳಿಸುತ್ತಿದೆ.

ಹತ್ತು ಸೆಕೆಂಡಿನ ಕೆಲಸ ಇದು. ಇದನ್ನು ಮಾಡದೆ ಕೋಡ್ ತಿದ್ದಲು ಹೊರಟವರು ಸರಿ ಇರುವ ಭಾಗವನ್ನೇ ಮತ್ತೆ ಮತ್ತೆ ತಿದ್ದುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಕೋಡ್ ತಲುಪುತ್ತಿಲ್ಲ ಎಂದಾದರೆ

ಕನ್ಸೋಲ್‌ನಲ್ಲಿ ಎರರ್ ಇದ್ದರೆ ನಿಮ್ಮ ಅದೃಷ್ಟ, ಅದೇ ದಾರಿ ತೋರಿಸುತ್ತದೆ. ನಲ್‌ನ ಸ್ಟೈಲ್ ಓದಲಾಗುತ್ತಿಲ್ಲ ಎಂಬ ಎರರ್ ಬಂದರೆ ಎಲಿಮೆಂಟೇ ಸಿಕ್ಕಿಲ್ಲ ಎಂದರ್ಥ. ಒಂದೋ ಐಡಿಯ ಕಾಗುಣಿತ ತಪ್ಪಿದೆ, ಇಲ್ಲವೇ ಸ್ಕ್ರಿಪ್ಟ್ ಟ್ಯಾಗ್ ಹೆಡ್ ಭಾಗದಲ್ಲಿದ್ದು ಎಲಿಮೆಂಟ್ ಹುಟ್ಟುವ ಮುಂಚೆಯೇ ಓಡಿದೆ. ಎರಡನೆಯದಾದರೆ ಸ್ಕ್ರಿಪ್ಟ್ ಟ್ಯಾಗ್‌ಗೆ ಡಿಫರ್ ಸೇರಿಸಿದರೆ ಸಾಕು. ಮಾಡ್ಯೂಲ್ ಸ್ಕ್ರಿಪ್ಟ್‌ಗೆ ಅದೂ ಬೇಡ, ಅದು ತಾನಾಗಿಯೇ ಕಾಯುತ್ತದೆ.

ಅನ್‌ಡಿಫೈನ್ಡ್‌ಗೆ ಬಾರ್ಡರ್‌ಕಲರ್ ಸೆಟ್ ಮಾಡಲಾಗುತ್ತಿಲ್ಲ ಎಂದು ಬಂದರೆ ಕಥೆ ಬೇರೆ. ಕ್ವೆರಿಸೆಲೆಕ್ಟರ್‌ಆಲ್ ಕೊಡುವುದು ಒಂದು ಎಲಿಮೆಂಟ್ ಅಲ್ಲ, ಎಲಿಮೆಂಟ್‌ಗಳ ಪಟ್ಟಿ. ಪಟ್ಟಿಗೆ ಸ್ಟೈಲ್ ಇರುವುದಿಲ್ಲ. ಫಾರ್‌ಈಚ್ ಹಾಕಿ ಒಂದೊಂದಕ್ಕೂ ಬಣ್ಣ ಕೊಡಬೇಕು.

ಸಿಎಸ್‌ಎಸ್ ಅಭ್ಯಾಸದಿಂದ ಸ್ಟೈಲ್.ಬಾರ್ಡರ್-ಕಲರ್ ಎಂದು ಚುಕ್ಕಿಯ ನಂತರ ಹೈಫನ್ ಬರೆದರೆ ಜಾವಾಸ್ಕ್ರಿಪ್ಟ್ ಆ ಹೈಫನನ್ನು ಕಳೆಯುವ ಚಿಹ್ನೆ ಎಂದು ಓದುತ್ತದೆ. ಇದು ಸಿಂಟ್ಯಾಕ್ಸ್ ಎರರ್. ಆ ಸಾಲಷ್ಟೇ ಅಲ್ಲ, ಆ ಫೈಲ್‌ನ ಒಂದು ಸಾಲೂ ಓಡುವುದಿಲ್ಲ. ನಿನ್ನೆಯವರೆಗೆ ನಡೆಯುತ್ತಿದ್ದ ಬೇರೆ ಬಟನ್‌ಗಳೂ ಒಮ್ಮೆಲೇ ನಿಂತುಹೋಗಿದ್ದರೆ ಮೊದಲು ಇದನ್ನು ಹುಡುಕಿ. ಚಾಟ್‌ನಿಂದಲೋ ಡಾಕ್ಯುಮೆಂಟ್‌ನಿಂದಲೋ ಕಾಪಿ ಮಾಡಿ ತಂದ ಕೋಡ್‌ನಲ್ಲಿ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಸೇರಿದ್ದರೂ ಇದೇ ಪರಿಣಾಮ.

ಎರರ್ ಇಲ್ಲದೆ ಸುಮ್ಮನಿರುವ ಕಾರಣಗಳೇ ಹೆಚ್ಚು ಕಾಡುವುದು. ಬಾರ್ಡರ್‌ಕಲರ್‌ನ ಸಿ ಅನ್ನು ಸಣ್ಣಕ್ಷರದಲ್ಲಿ ಬರೆದರೆ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ. ಆ ಹೆಸರಿನ ಹೊಸದೊಂದು ಪ್ರಾಪರ್ಟಿಯನ್ನು ಸ್ಟೈಲ್ ಆಬ್ಜೆಕ್ಟ್ ಮೇಲೆ ಹುಟ್ಟಿಸಿ, ನೀವು ಕೊಟ್ಟ ಬಣ್ಣವನ್ನು ಅದರಲ್ಲಿಟ್ಟು ಸುಮ್ಮನಾಗುತ್ತದೆ. ವಾಪಸ್ ಓದಿದರೆ ಬಣ್ಣ ಸರಿಯಾಗಿಯೇ ಕಾಣುತ್ತದೆ! ಆದರೆ ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಆ ಟ್ಯಾಗ್‌ನ ಸ್ಟೈಲ್ ಆಟ್ರಿಬ್ಯೂಟ್ ನೋಡಿ, ಅಲ್ಲಿ ಏನೂ ಬಂದಿರುವುದಿಲ್ಲ. ಆದ್ದರಿಂದ ಕೊನೆಯ ಸಾಕ್ಷಿಯಾಗಿ ಆ ಆಟ್ರಿಬ್ಯೂಟನ್ನೇ ನಂಬಿ.

ಒಂದೇ ಐಡಿ ಪೇಜ್‌ನಲ್ಲಿ ಎರಡು ಕಡೆ ಇದ್ದರೆ ಗೆಟ್‌ಎಲಿಮೆಂಟ್‌ಬೈಐಡಿ ಮೊದಲನೆಯದನ್ನು ಕೊಡುತ್ತದೆ. ಬಣ್ಣ ಬದಲಾಗಿರುತ್ತದೆ, ಆದರೆ ನೀವು ನೋಡುತ್ತಿರುವ ಎಲಿಮೆಂಟ್‌ನದಲ್ಲ. ಮೊಬೈಲ್‌ಗೊಂದು, ದೊಡ್ಡ ಪರದೆಗೊಂದು ಎಂದು ಒಂದೇ ಫಾರ್ಮನ್ನು ಎರಡು ಸಲ ಬರೆದು ಒಂದನ್ನು ಮುಚ್ಚಿಟ್ಟ ಪೇಜ್‌ಗಳಲ್ಲಿ ಇದು ಸಾಮಾನ್ಯ.

ಇನ್ನೊಂದು, ಹುಡುಕಲು ಕಷ್ಟವಾದದ್ದು. ಎಲಿಮೆಂಟನ್ನು ಒಮ್ಮೆ ಹಿಡಿದು ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದೀರಿ. ಆಮೇಲೆ ಬೇರೆಲ್ಲೋ ಅದರ ಪೇರೆಂಟ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಹೊಸ ತುಣುಕನ್ನು ಕೂಡಿಸಿದ್ದೀರಿ. ಕೂಡಿಸಿದ್ದು ಎಂದು ನಮಗನಿಸಿದರೂ ಬ್ರೌಸರ್ ಅಲ್ಲಿದ್ದದ್ದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟುತ್ತದೆ. ನಿಮ್ಮ ವೇರಿಯಬಲ್ ಈಗ ಪೇಜ್‌ನಲ್ಲಿಲ್ಲದ ಹಳೆಯ ಎಲಿಮೆಂಟನ್ನು ಹಿಡಿದುಕೊಂಡಿದೆ, ಅದಕ್ಕೇ ಬಣ್ಣ ಹಚ್ಚುತ್ತಿದೆ. ಆ ವೇರಿಯಬಲ್‌ನ ಈಸ್‌ಕನೆಕ್ಟೆಡ್ ಕೇಳಿ ನೋಡಿ. ಫಾಲ್ಸ್ ಎಂದು ಬಂದರೆ ಕಾರಣ ಸಿಕ್ಕಿತು. ಇನ್ಸರ್ಟ್‌ಅಡ್ಜೇಸೆಂಟ್‌ಎಚ್‌ಟಿಎಂಎಲ್ ಬಳಸಿದರೆ ಇದ್ದ ಎಲಿಮೆಂಟ್‌ಗಳು ಹಾಗೇ ಉಳಿಯುತ್ತವೆ.

ಬಟನ್ ಒತ್ತಿದಾಗ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆಯೇ? ಆ ಬಟನ್ ಫಾರ್ಮ್ ಒಳಗಿದೆಯೇ ನೋಡಿ. ಟೈಪ್ ಹೇಳದ ಬಟನ್ ಫಾರ್ಮ್ ಒಳಗೆ ಸಬ್ಮಿಟ್ ಬಟನ್ ಆಗಿರುತ್ತದೆ. ಬಣ್ಣ ಬದಲಾಗುತ್ತದೆ, ಅದರ ಬೆನ್ನಿಗೇ ಫಾರ್ಮ್ ಸಬ್ಮಿಟ್ ಆಗಿ ಪೇಜ್ ಹೊಸದಾಗಿ ಲೋಡ್ ಆಗುತ್ತದೆ. ಬಟನ್‌ಗೆ ಟೈಪ್ ಬಟನ್ ಎಂದು ಕೊಡಿ, ಅಥವಾ ಫಾರ್ಮ್‌ನ ಸಬ್ಮಿಟ್ ಈವೆಂಟ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ ಕರೆಯಿರಿ.

ಬ್ರೌಸರ್ ಬಣ್ಣವನ್ನೇ ಒಪ್ಪದಿದ್ದರೆ

ಕೋಡ್ ಓಡಿದೆ, ಸರಿಯಾದ ಎಲಿಮೆಂಟ್ ಸಿಕ್ಕಿದೆ, ಆದರೂ ಸ್ಟೈಲ್ ಆಟ್ರಿಬ್ಯೂಟ್ ಖಾಲಿ. ಹಾಗಿದ್ದರೆ ನೀವು ಕೊಟ್ಟ ಮೌಲ್ಯವನ್ನು ಬ್ರೌಸರ್ ತಿರಸ್ಕರಿಸಿದೆ. ಬಣ್ಣ ಕೊಟ್ಟ ಸಾಲಿನ ಕೆಳಗೇ ಅದೇ ಪ್ರಾಪರ್ಟಿಯನ್ನು ಓದಿ ಕನ್ಸೋಲ್‌ಗೆ ಪ್ರಿಂಟ್ ಮಾಡಿ. ಖಾಲಿ ಸ್ಟ್ರಿಂಗ್ ಬಂದರೆ, ಅಥವಾ ಹಿಂದಿದ್ದ ಬಣ್ಣವೇ ಬಂದರೆ, ಹೊಸ ಮೌಲ್ಯ ಒಳಗೆ ಹೋಗಿಲ್ಲ.

ಸಾಮಾನ್ಯ ತಪ್ಪುಗಳು ಇವು: ಮುಂದಿನ # ಚಿಹ್ನೆ ಬಿಟ್ಟು "008000" ಎಂದಷ್ಟೇ ಕೊಡುವುದು. ಸ್ಟೈಲ್‌ಶೀಟ್ ಅಭ್ಯಾಸದಿಂದ ಸ್ಟ್ರಿಂಗ್ ಒಳಗೆ ಕೊನೆಯಲ್ಲಿ ಸೆಮಿಕೋಲನ್ ಸೇರಿಸುವುದು. ಬಾರ್ಡರ್ ಬೇಡವೆಂದು ಬಣ್ಣಕ್ಕೆ ನನ್ (none) ಎಂದು ಕೊಡುವುದು. ನನ್ ಎಂಬ ಬಣ್ಣ ಇಲ್ಲ, ಬೇಕಾದದ್ದು ಟ್ರಾನ್ಸ್‌ಪರೆಂಟ್. ಬಣ್ಣದ ಜೊತೆಗೇ ಇಂಪಾರ್ಟೆಂಟ್ (ಮಾಮೂಲು ನಿಯಮಗಳನ್ನು ಸೋಲಿಸುವ ಗುರುತು) ಎಂದು ಸೇರಿಸುವುದು. ಇದನ್ನು ಸ್ಟೈಲ್‌ನ ನೇರ ಪ್ರಾಪರ್ಟಿ ಯಾವತ್ತೂ ಒಪ್ಪುವುದಿಲ್ಲ. ಬಣ್ಣ ತೆಗೆಯಲು ಅನ್‌ಡಿಫೈನ್ಡ್ ಕೊಡುವುದು ಇನ್ನೊಂದು. ನಲ್ ಅಥವಾ ಖಾಲಿ ಸ್ಟ್ರಿಂಗ್ ಕೊಟ್ಟರೆ ಇನ್‌ಲೈನ್ ಬಣ್ಣ (ಆ ಟ್ಯಾಗ್‌ನ ಸ್ಟೈಲ್ ಆಟ್ರಿಬ್ಯೂಟ್‌ನಲ್ಲಿ ಕೂತ ಬಣ್ಣ) ಹೋಗುತ್ತದೆ, ಆದರೆ ಅನ್‌ಡಿಫೈನ್ಡ್ ಒಂಬತ್ತು ಅಕ್ಷರದ ಪದವಾಗಿ ಬದಲಾಗಿ, ಹಾಗೊಂದು ಬಣ್ಣ ಇಲ್ಲವೆಂದು ತಿರಸ್ಕೃತವಾಗುತ್ತದೆ. ಹಳೆಯ ಕೆಂಪು ಅಲ್ಲೇ ಉಳಿಯುತ್ತದೆ.

ಸೆಟ್‌ಪ್ರಾಪರ್ಟಿ ಬಳಸುವಾಗ ಹೆಸರಿನ ರೂಪ ತಿರುಗುಮುರುಗು. ಅಲ್ಲಿ ಹೈಫನ್ ಇರುವ ಬಾರ್ಡರ್-ಕಲರ್ ಎಂದೇ ಕೊಡಬೇಕು. ಕೂಡಿಸಿ ಬರೆದ ಬಾರ್ಡರ್‌ಕಲರ್ ಕೊಟ್ಟರೆ ಏನೂ ಆಗುವುದಿಲ್ಲ, ಏನೂ ಹೇಳುವುದೂ ಇಲ್ಲ.

ಈಗ ನನಗೆ ಬಹಳ ಮುಖ್ಯವೆನಿಸುವ ಒಂದು ದೋಷ. ಬಣ್ಣವನ್ನು ಕೋಡ್‌ನಲ್ಲೇ ಲೆಕ್ಕ ಹಾಕಿ ಕೊಡುವಾಗ, ಹೆಚ್ಚಿನ ಸಲ ಸರಿಯಾಗಿ ನಡೆದು ಅಪರೂಪಕ್ಕೊಮ್ಮೆ ಬಣ್ಣ ಬದಲಾಗದೇ ಉಳಿಯುತ್ತದೆ. ಕೆಲವೊಮ್ಮೆ ಬಾರ್ಡರ್ ಪೂರ್ತಿ ಮಾಯವಾಗುತ್ತದೆ. ಯಾದೃಚ್ಛಿಕ ಬಣ್ಣ ಕೊಡುವ ಕೋಡ್‌ಗಳಲ್ಲಿ ಇದು ತುಂಬ ಸಾಮಾನ್ಯ. ಅಲ್ಲಿ 0ಯಿಂದ 16777215ರ ನಡುವಿನ ಒಂದು ಸಂಖ್ಯೆಯನ್ನು ಆರಿಸಿ, ಟುಸ್ಟ್ರಿಂಗ್‌ಗೆ 16 ಕೊಟ್ಟು ಹೆಕ್ಸ್ (ಹದಿನಾರರ ಆಧಾರದ) ರೂಪಕ್ಕೆ ತಂದು, ಮುಂದೆ # ಸೇರಿಸುತ್ತಾರೆ. ತೊಂದರೆ ಏನೆಂದರೆ ಸಂಖ್ಯೆಗೆ ಮುಂದಿನ ಸೊನ್ನೆಗಳು ಗೊತ್ತಿಲ್ಲ. ನಮ್ಮ ಹಸಿರು 008000 ಸಂಖ್ಯೆಯಾಗಿ ಹೋಗಿ ಬಂದರೆ ಬರೀ 8000 ಆಗುತ್ತದೆ.

#8000 ಬ್ರೌಸರ್‌ಗೆ ತಪ್ಪು ಮೌಲ್ಯವೇ ಅಲ್ಲ ನೋಡಿ. ನಾಲ್ಕು ಅಂಕೆಯ ಹೆಕ್ಸ್ ಎಂದರೆ ಕೆಂಪು, ಹಸಿರು, ನೀಲಿ, ಕೊನೆಯದು ಅಪಾರದರ್ಶಕತೆ. ಒಂದೊಂದು ಅಂಕೆಯೂ ಎರಡೆರಡಾಗಿ ಹಿಗ್ಗುತ್ತದೆ. ಹಾಗಾಗಿ #8000 ಎಂದರೆ ಮಾಸಲು ಕೆಂಪು, ಅಪಾರದರ್ಶಕತೆಯ ಜಾಗದಲ್ಲಿ 00, ಅಂದರೆ ಏನೂ ಕಾಣದು. ಐದು ಅಂಕೆ, ಅಥವಾ ಒಂದೋ ಎರಡೋ ಅಂಕೆ ಬಂದರೆ ಮಾತ್ರ ಬ್ರೌಸರ್ ತಿರಸ್ಕರಿಸುತ್ತದೆ, ಹಳೆಯ ಬಣ್ಣ ಉಳಿಯುತ್ತದೆ. ಮೂರು ಅಂಕೆ ಬಂದರೆ ಬೇರೆಯದೇ ಬಣ್ಣ ಬರುತ್ತದೆ. ಆರು ಅಂಕೆಗಿಂತ ಕಡಿಮೆ ಬರುವ ಸಂಭವ ಹದಿನಾರರಲ್ಲಿ ಒಂದು, ಏಕೆಂದರೆ ಮೊದಲ ಅಂಕೆ ಸೊನ್ನೆಯಾಗುವ ಸಂಭವ ಅಷ್ಟೇ. ಐದಾರು ಸಲ ಕ್ಲಿಕ್ ಮಾಡಿ ಎಲ್ಲ ಸರಿಯಿದೆ ಎಂದು ಮುಗಿಸಿದವರಿಗೆ ಇದು ಸಿಗದೇ ಹೋಗುವುದು ಇದೇ ಕಾರಣಕ್ಕೆ. ಪರಿಹಾರ ಚಿಕ್ಕದು: # ಸೇರಿಸುವ ಮುಂಚೆ ಪ್ಯಾಡ್‌ಸ್ಟಾರ್ಟ್‌ಗೆ 6 ಮತ್ತು "0" ಕೊಟ್ಟು ಆರು ಅಂಕೆ ತುಂಬಿಸಿ.

ಬಣ್ಣ ಹೊರಗಿನಿಂದ ಬರುವುದಾದರೆ, ಅಂದರೆ ಬಳಕೆದಾರರು ಟೈಪ್ ಮಾಡಿದ್ದೋ ಸರ್ವರ್ ಕಳಿಸಿದ್ದೋ ಆದರೆ, ಸಿಎಸ್‌ಎಸ್.ಸಪೋರ್ಟ್ಸ್‌ಗೆ "ಬಾರ್ಡರ್-ಕಲರ್" ಮತ್ತು ಆ ಮೌಲ್ಯ ಎರಡನ್ನೂ ಕೊಟ್ಟು ಮೊದಲೇ ಕೇಳಿಬಿಡಿ. ಟ್ರೂ ಅಥವಾ ಫಾಲ್ಸ್ ಎಂದು ಬ್ರೌಸರೇ ಹೇಳುತ್ತದೆ. ಮೌನ ಮುರಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಣ್ಣ ಒಳಗಿದೆ, ಹೊರಗೆ ಕಾಣುತ್ತಿಲ್ಲ

ಸ್ಟೈಲ್ ಆಟ್ರಿಬ್ಯೂಟ್‌ನಲ್ಲಿ ಬಾರ್ಡರ್-ಕಲರ್ ಕೂತಿದೆ. ಆದರೂ ಬಾರ್ಡರ್ ಇಲ್ಲ. ಮೊದಲ ಪ್ರಶ್ನೆ: ಬಣ್ಣ ಹಚ್ಚಲು ಅಲ್ಲಿ ಗೆರೆ ಇದೆಯೇ? ಬಾರ್ಡರ್-ಸ್ಟೈಲ್‌ನ ಮೂಲ ಮೌಲ್ಯವೇ ನನ್. ಅದು ನನ್ ಆಗಿರುವವರೆಗೆ ದಪ್ಪ ಎಷ್ಟೇ ಕೊಡಿ, ಬಣ್ಣ ಯಾವುದೇ ಕೊಡಿ, ಗೆರೆ ಮೂಡುವುದಿಲ್ಲ. ಬ್ರೌಸರ್‌ನ ಮೂಲ ಶೈಲಿಗಳನ್ನು ಅಳಿಸುವ ರೀಸೆಟ್ ಸ್ಟೈಲ್‌ಶೀಟ್ ಹಾಕಿಕೊಂಡ ಪೇಜ್‌ಗಳಲ್ಲಿ ದಪ್ಪವೇ ಸೊನ್ನೆಯಾಗಿರುವುದೂ ಉಂಟು. ಡೆವ್‌ಟೂಲ್ಸ್‌ನ ಕಂಪ್ಯೂಟೆಡ್ ಟ್ಯಾಬ್‌ನಲ್ಲಿರುವ ಬಾಕ್ಸ್ ಚಿತ್ರದಲ್ಲಿ ಬಾರ್ಡರ್ ಪದರದ ಮೇಲೆ ಸಂಖ್ಯೆ ಇದೆಯೇ ನೋಡಿದರೆ ಸಾಕು.

ಇದನ್ನು ಸರಿಮಾಡಲು ಜಾವಾಸ್ಕ್ರಿಪ್ಟ್‌ನಿಂದಲೇ ದಪ್ಪ, ಶೈಲಿ, ಬಣ್ಣ ಮೂರನ್ನೂ ಕೊಡಲು ಹೋಗಬೇಡಿ. ತಪ್ಪು ಕಂಡಾಗ ಮಾತ್ರ ಎರಡು ಪಿಕ್ಸೆಲ್ ಬಾರ್ಡರ್ ಹುಟ್ಟಿದರೆ ಸುತ್ತಲಿನದೆಲ್ಲ ಒಮ್ಮೆ ಅಲುಗಾಡುತ್ತದೆ. ಸ್ಟೈಲ್‌ಶೀಟ್‌ನಲ್ಲಿ ಮೊದಲಿನಿಂದಲೇ ಎರಡು ಪಿಕ್ಸೆಲ್ ಸಾಲಿಡ್ ಟ್ರಾನ್ಸ್‌ಪರೆಂಟ್ ಬಾರ್ಡರ್ ಇಟ್ಟು, ಬಣ್ಣವನ್ನಷ್ಟೇ ಬದಲಿಸಿ.

ಸಾಲುಗಳ ಕ್ರಮವೂ ನೋಡಿ. ಮೊದಲು ಬಾರ್ಡರ್‌ಕಲರ್ ಕೊಟ್ಟು ಆಮೇಲೆ ಬಾರ್ಡರ್‌ಗೆ ಬಣ್ಣ ಹೇಳದೆ ದಪ್ಪ ಮತ್ತು ಶೈಲಿ ಮಾತ್ರ ಕೊಟ್ಟರೆ, ಆ ಎರಡನೆಯ ಸಾಲು ಬಣ್ಣವನ್ನೂ ಮೂಲಕ್ಕೆ ತಿರುಗಿಸುತ್ತದೆ. ಮೂಲ ಎಂದರೆ ಕರೆಂಟ್‌ಕಲರ್, ಆ ಎಲಿಮೆಂಟ್‌ನ ಅಕ್ಷರದ ಬಣ್ಣ. ಬಾರ್ಡರ್ ಕೇಳದೆಯೇ ಅಕ್ಷರದ ಬಣ್ಣಕ್ಕೆ ತಿರುಗಿದ್ದು ಕಂಡರೆ ಎಲ್ಲೋ ಶಾರ್ಟ್‌ಹ್ಯಾಂಡ್ (ದಪ್ಪ, ಶೈಲಿ, ಬಣ್ಣ ಮೂರನ್ನೂ ಒಟ್ಟಿಗೆ ಕೊಡುವ ಬಾರ್ಡರ್ ಸಾಲು) ಬಂದು ಅಳಿಸಿದೆ ಎಂದು ತಿಳಿಯಿರಿ.

ಗೆರೆ ಇದೆ, ಬಣ್ಣ ಮಾತ್ರ ಹಳೆಯದು ಎಂದಾದರೆ ನಿಮ್ಮ ಇನ್‌ಲೈನ್ ಬಣ್ಣವನ್ನು ಯಾರೋ ಸೋಲಿಸಿದ್ದಾರೆ. ಸ್ಟೈಲ್ಸ್ ಪ್ಯಾನೆಲ್‌ನ ಮೇಲ್ತುದಿಯಲ್ಲಿ ನಿಮ್ಮ ಬಾರ್ಡರ್-ಕಲರ್ ಮೇಲೆ ಅಡ್ಡ ಗೆರೆ ಎಳೆದಿದ್ದರೆ ಕೆಳಗೆ ಇಂಪಾರ್ಟೆಂಟ್ ಹೊತ್ತ ನಿಯಮವೊಂದು ಇರುತ್ತದೆ. ಸ್ಟೈಲ್‌ಶೀಟ್‌ನ ಮಾಮೂಲು ನಿಯಮಗಳನ್ನು ಇನ್‌ಲೈನ್ ಗೆಲ್ಲುತ್ತದೆ, ಇಂಪಾರ್ಟೆಂಟ್ ಇದ್ದದ್ದನ್ನು ಗೆಲ್ಲುವುದಿಲ್ಲ. ಸೆಟ್‌ಪ್ರಾಪರ್ಟಿಯ ಮೂರನೆಯ ಜಾಗದಲ್ಲಿ "ಇಂಪಾರ್ಟೆಂಟ್" ಕೊಟ್ಟರೆ ಗೆಲ್ಲಬಹುದು. ನನ್ನನ್ನು ಕೇಳಿದರೆ ಆ ಸ್ಟೈಲ್‌ಶೀಟ್ ನಿಮ್ಮದೇ ಆಗಿದ್ದಾಗ ಅಲ್ಲಿನ ಇಂಪಾರ್ಟೆಂಟ್ ತೆಗೆಯುವುದೇ ಸರಿ, ಇಲ್ಲದಿದ್ದರೆ ಮುಂದಿನವರು ಇನ್ನೊಂದನ್ನು ಸೇರಿಸುತ್ತಾರೆ.

ಕೀಫ್ರೇಮ್ಸ್ ಅನಿಮೇಷನ್ ಕೂಡ ಇನ್‌ಲೈನ್ ಅನ್ನು ಸೋಲಿಸುತ್ತದೆ. ಅನಿಮೇಷನ್ ಮುಗಿದಿದ್ದರೂ ಫಿಲ್ ಮೋಡ್ ಫಾರ್ವರ್ಡ್ಸ್ ಇದ್ದರೆ ಕೊನೆಯ ಬಣ್ಣವನ್ನು ಹಿಡಿದುಕೊಂಡೇ ಇರುತ್ತದೆ. ಕಣ್ಣಿಗೆ ಯಾವ ಚಲನೆಯೂ ಕಾಣದ್ದರಿಂದ ಇದು ಹೊಳೆಯುವುದೇ ಇಲ್ಲ. ಕನ್ಸೋಲ್‌ನಲ್ಲಿ $0.ಗೆಟ್‌ಅನಿಮೇಷನ್ಸ್() ಎಂದು ಕೇಳಿ. ಪಟ್ಟಿ ಖಾಲಿ ಇಲ್ಲದಿದ್ದರೆ ಅದರಲ್ಲಿ ಒಂದೊಂದನ್ನೂ ಕ್ಯಾನ್ಸಲ್ ಮಾಡಿ, ನಿಮ್ಮ ಬಣ್ಣ ಹೊರಬರುತ್ತದೆಯೇ ನೋಡಿ.

ನೀವು ನೋಡುತ್ತಿರುವುದು ಬಾರ್ಡರೇ?

ಫೋಕಸ್‌ನಲ್ಲಿರುವ ಇನ್‌ಪುಟ್ ಸುತ್ತ ಕಾಣುವ ನೀಲಿಯೋ ಕಪ್ಪೋ ಗೆರೆ ಹೆಚ್ಚಿನ ಸಲ ಔಟ್‌ಲೈನ್. ಬಾರ್ಡರ್ ಅದರ ಒಳಗೆ ಸುಮ್ಮನೆ ಕೆಂಪಾಗಿಯೇ ಇರುತ್ತದೆ, ದಪ್ಪ ಔಟ್‌ಲೈನ್ ಮುಂದೆ ಕಾಣುವುದಿಲ್ಲ. ಇನ್‌ಪುಟ್‌ನ ಹೊರಗೆ ಬೇರೆಲ್ಲಾದರೂ ಕ್ಲಿಕ್ ಮಾಡಿ. ಫೋಕಸ್ ಹೋದಾಗ ಕೆಂಪು ಕಂಡರೆ ಗೊತ್ತಾಯಿತು. ಅದಕ್ಕಾಗಿ ಔಟ್‌ಲೈನನ್ನು ಪೂರ್ತಿ ತೆಗೆಯಬೇಡಿ. ಮೌಸ್ ಇಲ್ಲದೆ ಕೀಬೋರ್ಡ್‌ನಿಂದ ಓಡಾಡುವವರಿಗೆ ತಾವು ಎಲ್ಲಿದ್ದೇವೆ ಎಂದು ತೋರಿಸುವುದು ಆ ಗೆರೆಯೇ. ತಪ್ಪಿನ ಸ್ಥಿತಿಯಲ್ಲಿ ಔಟ್‌ಲೈನ್-ಕಲರನ್ನೂ ಜೊತೆಗೆ ಬದಲಿಸಿ.

ಹಲವು ಡಿಸೈನ್‌ಗಳಲ್ಲಿ ಬಾರ್ಡರ್‌ನಂತೆ ಕಾಣುವುದು ಬಾಕ್ಸ್-ಶ್ಯಾಡೋ. ಇನ್ನು ಕೆಲವದರಲ್ಲಿ ಬಿಫೋರ್ ಅಥವಾ ಆಫ್ಟರ್ ಎಂಬ, ಸಿಎಸ್‌ಎಸ್ ಹುಟ್ಟಿಸುವ ಸೂಡೋ ಎಲಿಮೆಂಟ್‌ನ ಬಾರ್ಡರ್. ಸೂಡೋ ಎಲಿಮೆಂಟನ್ನು ಕ್ವೆರಿಸೆಲೆಕ್ಟರ್‌ನಿಂದ ಹಿಡಿಯಲು ಬರುವುದಿಲ್ಲ, ಅದಕ್ಕೆ ಇನ್‌ಲೈನ್ ಸ್ಟೈಲ್ ಕೊಡಲೂ ಬರುವುದಿಲ್ಲ. ಮುಂದೆ ಹೇಳುವ ಕಸ್ಟಮ್ ಪ್ರಾಪರ್ಟಿಯೇ ಅದಕ್ಕೆ ದಾರಿ. ಬಾರ್ಡರ್-ಇಮೇಜ್ ಇದ್ದರೆ ಚಿತ್ರ ಬಣ್ಣವನ್ನು ಮುಚ್ಚಿಬಿಡುತ್ತದೆ. ಎಸ್‌ವಿಜಿ ಒಳಗಿನ ಆಕೃತಿಗೆ ಬಾರ್ಡರ್ ಎಂಬುದೇ ಇಲ್ಲ, ಅಲ್ಲಿ ಸ್ಟ್ರೋಕ್. ಮಾಮೂಲು ರೂಪದ ಚೆಕ್‌ಬಾಕ್ಸ್ ಕೂಡ ಬಾರ್ಡರ್ ಬಣ್ಣಕ್ಕೆ ಬಗ್ಗುವುದಿಲ್ಲ. ಅಪಿಯರೆನ್ಸ್‌ಗೆ ನನ್ ಕೊಟ್ಟು ನಾವೇ ರೂಪ ಕೊಡಬೇಕು.

ಟೇಬಲ್‌ನಲ್ಲಿ ಎರಡೇ ಬದಿಗೆ ಬಣ್ಣ ಬಂದ ಪ್ರಸಂಗ

ನಾನು ಒಮ್ಮೆ ಒಂದು ದೊಡ್ಡ ಟೇಬಲ್‌ಗೆ, ಬಳಕೆದಾರರು ತಿದ್ದಿದ ಸೆಲ್‌ನ ಸುತ್ತ ಹಸಿರು ಬಾರ್ಡರ್ ಬರುವಂತೆ ಮಾಡುತ್ತಿದ್ದೆ. ಮೊದಲ ಸಾಲಿನ ಮೊದಲ ಸೆಲ್ ತಿದ್ದಿ ನೋಡಿದೆ, ನಾಲ್ಕೂ ಬದಿ ಹಸಿರು. ಸರಿಯಾಯಿತು ಎಂದುಕೊಂಡೆ. ಮೂರನೆಯ ಸಾಲಿನ ಎರಡನೆಯ ಸೆಲ್ ತಿದ್ದಿದಾಗ ಬಲಕ್ಕೆ ಮತ್ತು ಕೆಳಕ್ಕೆ ಮಾತ್ರ ಹಸಿರು ಬಂತು. ಮೇಲಿನ ಗೆರೆ, ಎಡದ ಗೆರೆ ಎರಡೂ ಬೂದು. ಕಂಪ್ಯೂಟೆಡ್ ಟ್ಯಾಬ್ ನೋಡಿದರೆ ಆ ಸೆಲ್‌ನ ನಾಲ್ಕೂ ಬದಿಯ ಬಣ್ಣ ಹಸಿರೇ ಎಂದು ತೋರಿಸುತ್ತಿತ್ತು. ಬ್ರೌಸರ್ ಹೇಳುವುದು ಒಂದು, ತೋರಿಸುವುದು ಇನ್ನೊಂದು ಎಂಬಂತೆ ಇತ್ತು. ಅರ್ಧ ದಿನ ಇದರಲ್ಲೇ ಹೋಯಿತು.

ಕಾರಣ ಟೇಬಲ್‌ಗೆ ಕೊಟ್ಟಿದ್ದ ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್. ಆಗ ಅಕ್ಕಪಕ್ಕದ ಎರಡು ಸೆಲ್‌ಗಳ ನಡುವೆ ಇರುವುದು ಒಂದೇ ಗೆರೆ, ಅದಕ್ಕೆ ಇಬ್ಬರು ಹಕ್ಕುದಾರರು. ಯಾರ ಬಣ್ಣ ಹಚ್ಚಬೇಕು ಎಂಬುದಕ್ಕೆ ಸಿಎಸ್‌ಎಸ್‌ನಲ್ಲಿ ಸ್ಪಷ್ಟ ನಿಯಮವಿದೆ. ಒಬ್ಬರ ಶೈಲಿ ಹಿಡನ್ ಆಗಿದ್ದರೆ ಅಲ್ಲಿ ಗೆರೆಯೇ ಇಲ್ಲ. ಇಲ್ಲದಿದ್ದರೆ ದಪ್ಪ ಹೆಚ್ಚಿರುವವರು ಗೆಲ್ಲುತ್ತಾರೆ. ದಪ್ಪ ಸಮವಾದರೆ ಶೈಲಿ ನೋಡುತ್ತಾರೆ: ಡಬಲ್ ಮೊದಲು, ನಂತರ ಸಾಲಿಡ್, ಡ್ಯಾಶ್ಡ್, ಡಾಟೆಡ್, ಹೀಗೆ ಇಳಿಯುತ್ತದೆ. ಅದೂ ಸಮವಾದರೆ ಸೆಲ್‌ನ ಬಾರ್ಡರ್ ಸಾಲಿನದಕ್ಕಿಂತ ಮೇಲು, ಸಾಲಿನದು ಟೇಬಲ್‌ನದಕ್ಕಿಂತ ಮೇಲು. ಇಬ್ಬರೂ ಸೆಲ್‌ಗಳೇ ಆದರೆ, ಎಡದಿಂದ ಬಲಕ್ಕೆ ಬರೆಯುವ ಪೇಜ್‌ನಲ್ಲಿ, ಎಡಕ್ಕಿರುವ ಸೆಲ್ ಮತ್ತು ಮೇಲಿರುವ ಸೆಲ್ ಗೆಲ್ಲುತ್ತವೆ.

ಈಗ ಆ ಚಿತ್ರ ಪೂರ್ತಿ ಅರ್ಥವಾಗುತ್ತದೆ. ನನ್ನ ಸೆಲ್‌ನ ಬಲಗಡೆಯ ಗೆರೆಯಲ್ಲಿ ಎಡಕ್ಕಿರುವುದು ನನ್ನ ಸೆಲ್, ಹಾಗಾಗಿ ಹಸಿರು. ಎಡಗಡೆಯ ಗೆರೆಯಲ್ಲಿ ಎಡಕ್ಕಿರುವುದು ಪಕ್ಕದ ಸೆಲ್, ಅದರ ಬೂದು ಗೆದ್ದಿತು. ಮೇಲೂ ಹಾಗೆಯೇ. ಮೊದಲ ಸಾಲಿನ ಮೊದಲ ಸೆಲ್‌ಗೆ ಮೇಲೆ ಮತ್ತು ಎಡಕ್ಕೆ ಎದುರಾಳಿ ಟೇಬಲ್ ಮಾತ್ರ, ಟೇಬಲ್‌ಗಿಂತ ಸೆಲ್ ಮೇಲು, ಆದ್ದರಿಂದ ಅಲ್ಲಿ ನಾಲ್ಕೂ ಬದಿ ಸರಿ ಬಂದಿತ್ತು. ನಾನು ಪರೀಕ್ಷೆಗೆ ಆರಿಸಿದ್ದು ದೋಷ ಕಾಣದ ಒಂದೇ ಒಂದು ಸೆಲ್ ಆಗಿತ್ತು.

ತಿದ್ದಿದ ಸೆಲ್‌ನ ದಪ್ಪ ಹೆಚ್ಚಿಸಿದರೆ ನಾಲ್ಕೂ ಬದಿ ಗೆಲ್ಲುತ್ತದೆ, ಆದರೆ ಟೇಬಲ್ ಸ್ವಲ್ಪ ಸರಿದಾಡುತ್ತದೆ. ಕೊಲ್ಯಾಪ್ಸ್ ಬಿಟ್ಟು ಸೆಪರೇಟ್ ಮಾಡಿ ಬಾರ್ಡರ್-ಸ್ಪೇಸಿಂಗ್ ಸೊನ್ನೆ ಕೊಡಬಹುದು, ಆಗ ಪಕ್ಕಪಕ್ಕದ ಗೆರೆಗಳು ಸೇರಿ ದಪ್ಪ ಕಾಣುತ್ತವೆ. ನಾನು ಕೊನೆಗೆ ಉಳಿಸಿಕೊಂಡದ್ದು ಬೇರೆ: ಬಾರ್ಡರ್ ಮುಟ್ಟದೆ ಆ ಸೆಲ್‌ಗೆ ಎರಡು ಪಿಕ್ಸೆಲ್ ಹಸಿರು ಔಟ್‌ಲೈನ್, ಔಟ್‌ಲೈನ್-ಆಫ್‌ಸೆಟ್ ಮೈನಸ್ ಎರಡು ಪಿಕ್ಸೆಲ್. ಔಟ್‌ಲೈನ್ ಜಾಗ ತಿನ್ನುವುದಿಲ್ಲ, ಪಕ್ಕದವರೊಂದಿಗೆ ಹಂಚಿಕೊಳ್ಳುವುದೂ ಇಲ್ಲ. ಅಂದಿನಿಂದ ಟೇಬಲ್‌ನಲ್ಲಿ ಬಣ್ಣದ ಪರೀಕ್ಷೆ ಮಾಡುವಾಗ ನಡುವಿನ ಸೆಲ್‌ನಿಂದಲೇ ಶುರು ಮಾಡುತ್ತೇನೆ.

ಬಂದ ಬಣ್ಣ ನಿಲ್ಲುತ್ತಿಲ್ಲ, ಅಥವಾ ಬರುವುದೇ ಇಲ್ಲ

ಕೆಲಸ ಶುರುವಾದಾಗ ಹಳದಿ, ಮುಗಿದಾಗ ಹಸಿರು ಎಂದು ಬರೆದಿದ್ದೀರಿ. ಹಳದಿ ಒಮ್ಮೆಯೂ ಕಾಣುವುದಿಲ್ಲ, ಪೇಜ್ ಕೆಲ ಕ್ಷಣ ಸ್ತಬ್ಧವಾಗಿ ನೇರ ಹಸಿರಿಗೆ ಹೋಗುತ್ತದೆ. ಬ್ರೌಸರ್ ಪರದೆಗೆ ಬಣ್ಣ ಬಳಿಯುವುದು ಓಡುತ್ತಿರುವ ಜಾವಾಸ್ಕ್ರಿಪ್ಟ್ ಕೈಬಿಟ್ಟ ಮೇಲೆಯೇ. ಹಳದಿ ಕೊಟ್ಟು ಅದೇ ಓಟದಲ್ಲಿ ಭಾರದ ಲೆಕ್ಕ ಮಾಡಿ ಹಸಿರು ಕೊಟ್ಟರೆ ಬಳಿಯಲು ಉಳಿದದ್ದು ಹಸಿರು ಮಾತ್ರ. ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಒಳಗೆ ಇನ್ನೊಂದು ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಹಾಕಿ ಅಲ್ಲಿಂದ ಭಾರದ ಕೆಲಸ ಶುರು ಮಾಡಿದರೆ ನಡುವೆ ಹಳದಿ ಬಳಿಯಲು ಸಮಯ ಸಿಗುತ್ತದೆ. ಕೆಲಸ ನಿಜಕ್ಕೂ ದೊಡ್ಡದಾದರೆ ಅದು ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ವೆಬ್ ವರ್ಕರ್‌ಗೆ ಹೋಗಬೇಕು.

ಬಣ್ಣ ಬಂದು ಆಮೇಲೆ ಅಳಿಯುತ್ತಿದ್ದರೆ ಅಳಿಸುವವರನ್ನು ಕೈಯಾರೆ ಹಿಡಿಯಬಹುದು. ಕ್ರೋಮ್‌ನ ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಆ ಟ್ಯಾಗ್ ಮೇಲೆ ಬಲ ಬಟನ್ ಒತ್ತಿ, ಬ್ರೇಕ್ ಆನ್ ಎಂಬಲ್ಲಿ ಆಟ್ರಿಬ್ಯೂಟ್ ಮಾಡಿಫಿಕೇಷನ್ಸ್ ಆರಿಸಿ. ಮುಂದಿನ ಸಲ ಯಾರು ಆ ಎಲಿಮೆಂಟ್‌ನ ಕ್ಲಾಸ್ ಅಥವಾ ಸ್ಟೈಲ್ ಮುಟ್ಟಿದರೂ ಕೋಡ್ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಬೇರೆ ಪ್ಲಗಿನ್ ಸೆಟ್‌ಆಟ್ರಿಬ್ಯೂಟ್‌ನಿಂದ ಇಡೀ ಸ್ಟೈಲನ್ನೇ ಹೊಸದಾಗಿ ಬರೆಯುತ್ತಿರುವುದು ನನಗೆ ಹೀಗೆಯೇ ಸಿಕ್ಕಿದೆ. ರಿಯಾಕ್ಟ್‌ನಂಥ ಫ್ರೇಮ್‌ವರ್ಕ್ ಒಳಗಿದ್ದರೆ ಎಲಿಮೆಂಟನ್ನು ನೇರ ಮುಟ್ಟಲೇಬೇಡಿ, ಸ್ಟೇಟ್ ಬದಲಿಸಿ ಕ್ಲಾಸ್ ಅಲ್ಲಿಂದಲೇ ಬರಲಿ.

ಓದುವಾಗ ಆಗುವ ತಪ್ಪು

ಈಗಿನ ಬಣ್ಣ ನೋಡಿ ಅದನ್ನು ಅದಲುಬದಲು ಮಾಡುವ ಕೋಡ್ ಮೊದಲ ಕ್ಲಿಕ್‌ಗೆ ಸುಮ್ಮನಿದ್ದು ಎರಡನೆಯದಕ್ಕೆ ಕೆಲಸ ಮಾಡುತ್ತದೆಯೇ? ಸ್ಟೈಲ್.ಬಾರ್ಡರ್‌ಕಲರ್ ಇನ್‌ಲೈನ್ ಬಣ್ಣವನ್ನಷ್ಟೇ ಓದುತ್ತದೆ. ಸ್ಟೈಲ್‌ಶೀಟ್‌ನಿಂದ ಬಂದ ಬಣ್ಣಕ್ಕೆ ಅಲ್ಲಿ ಸಿಗುವುದು ಖಾಲಿ ಸ್ಟ್ರಿಂಗ್. ಇನ್ನು "#008000" ಬರೆದು ವಾಪಸ್ ಓದಿದರೆ ಬರುವುದು "ಆರ್‌ಜಿಬಿ(0, 128, 0)", ಹಾಗಾಗಿ ಸಮ ಎಂದು ಹೋಲಿಸಿದರೆ ಯಾವತ್ತೂ ಫಾಲ್ಸ್. ಗೆಟ್‌ಕಂಪ್ಯೂಟೆಡ್‌ಸ್ಟೈಲ್ ಬಳಸುವುದಾದರೆ ಬಾರ್ಡರ್‌ಟಾಪ್‌ಕಲರ್‌ನಂತೆ ಒಂದು ಬದಿ ಹೆಸರಿಸಿ ಓದಿ, ನಾಲ್ಕು ಬದಿಗೆ ನಾಲ್ಕು ಬಣ್ಣ ಇರುವ ಸಾಧ್ಯತೆ ಇರುತ್ತದೆ. ಟ್ರಾನ್ಸಿಷನ್ ಇದ್ದರೆ ಬರೆದ ಮರುಕ್ಷಣ ಓದಿದಾಗ ಹಳೆಯ ಬಣ್ಣವೇ ಸಿಗುತ್ತದೆ, ಏಕೆಂದರೆ ಬದಲಾವಣೆ ಅಲ್ಲಿಂದ ಹೊರಟಿದೆ ಅಷ್ಟೆ. ಬಣ್ಣವನ್ನು ಓದಿ ಸ್ಥಿತಿ ತಿಳಿಯುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಸ್ಥಿತಿ ಒಂದು ವೇರಿಯಬಲ್‌ನಲ್ಲೋ ಕ್ಲಾಸ್‌ನಲ್ಲೋ ಇರಲಿ.

ಸರಿಮಾಡಿದ್ದು ಮತ್ತೆ ಕೆಡದಂತೆ

ನಿಶ್ಚಿತವಾದ ಎರಡು ಮೂರು ಬಣ್ಣಗಳಿದ್ದರೆ ಬಣ್ಣವನ್ನು ಜಾವಾಸ್ಕ್ರಿಪ್ಟ್‌ನಿಂದ ಹೊರಗೆ ಹಾಕಿ. ಸ್ಟೈಲ್‌ಶೀಟ್‌ನಲ್ಲಿ ತಪ್ಪಿನ ಕ್ಲಾಸ್‌ಗೆ ಬಾರ್ಡರ್-ಕಲರ್ ಬರೆದು, ಕೋಡ್‌ನಲ್ಲಿ ಕ್ಲಾಸ್‌ಲಿಸ್ಟ್.ಟಾಗಲ್‌ಗೆ ಕ್ಲಾಸ್ ಹೆಸರು ಮತ್ತು ಸರಿತಪ್ಪಿನ ಫಲಿತಾಂಶ ಎರಡನ್ನೂ ಕೊಡಿ. ಎರಡನೆಯದನ್ನು ಬಿಟ್ಟರೆ ಪ್ರತಿ ಅಕ್ಷರ ಒತ್ತಿದಾಗಲೂ ಕೆಂಪು ಬಂದು ಹೋಗಿ ಮಾಡುತ್ತದೆ.

ಬಣ್ಣ 16777216ರಲ್ಲಿ ಯಾವುದೂ ಆಗಬಹುದು ಎಂದಾದರೆ ಕಸ್ಟಮ್ ಪ್ರಾಪರ್ಟಿ (ನಾವೇ ಹೆಸರಿಟ್ಟ ಸಿಎಸ್‌ಎಸ್ ಪ್ರಾಪರ್ಟಿ) ಬಳಸಿ. ಸ್ಟೈಲ್‌ಶೀಟ್‌ನಲ್ಲಿ ಬಾರ್ಡರ್-ಕಲರ್‌ಗೆ ವಾರ್(--ಅಂಚು) ಎಂದು ಕೊಟ್ಟು, ಕೋಡ್‌ನಿಂದ ಸೆಟ್‌ಪ್ರಾಪರ್ಟಿ ಮೂಲಕ --ಅಂಚು ಬದಲಿಸಿ. ಈ ಹೆಸರು ಕನ್ನಡದಲ್ಲೇ ಇದ್ದರೂ ಬ್ರೌಸರ್‌ಗೆ ಒಪ್ಪಿಗೆ. ಬಿಫೋರ್, ಆಫ್ಟರ್‌ಗಳಿಗೂ ಶ್ಯಾಡೋ ಡಾಮ್ (ಪೇಜ್‌ನ ಉಳಿದ ನಿಯಮಗಳು ಮುಟ್ಟದ ಒಳಭಾಗ) ಒಳಗಿನ ಎಲಿಮೆಂಟ್‌ಗಳಿಗೂ ಇದು ಮೇಲಿನಿಂದ ಹರಿದು ತಲುಪುತ್ತದೆ. ಆದರೆ ಇದರ ದೋಷದ ಲಕ್ಷಣ ಬೇರೆ ಎಂಬುದು ನೆನಪಿರಲಿ. ನೇರ ಪ್ರಾಪರ್ಟಿಗೆ ತಪ್ಪು ಬಣ್ಣ ಕೊಟ್ಟರೆ ಹಳೆಯ ಬಣ್ಣ ಉಳಿಯುತ್ತದೆ. ಕಸ್ಟಮ್ ಪ್ರಾಪರ್ಟಿ ಯಾವ ಮೌಲ್ಯವನ್ನಾದರೂ ನುಂಗುತ್ತದೆ, ಬಳಸುವ ಜಾಗದಲ್ಲಿ ಅದು ಬಣ್ಣವಲ್ಲ ಎಂದು ಗೊತ್ತಾಗಿ ಬಾರ್ಡರ್ ಅಕ್ಷರದ ಬಣ್ಣಕ್ಕೆ ತಿರುಗುತ್ತದೆ.

ಕೊನೆಯ ಒಂದು ಪರಿಶೀಲನೆಯನ್ನು ದಯವಿಟ್ಟು ಬಿಡಬೇಡಿ. ನಿಮಗೆ ಸರಿ ಕಂಡ ಬಣ್ಣ ಎಲ್ಲರಿಗೂ ಕಾಣುತ್ತದೆಯೇ? ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಥೀಮ್ ಹಾಕಿಕೊಂಡವರ ಬ್ರೌಸರ್ ನಿಮ್ಮ ಬಾರ್ಡರ್-ಕಲರನ್ನು ತನ್ನ ಬಣ್ಣದಿಂದ ಬದಲಿಸುತ್ತದೆ. ಅದು ದೋಷವಲ್ಲ, ಅವರಿಗೆ ಬೇಕಾದದ್ದು. ಕ್ರೋಮ್ ಡೆವ್‌ಟೂಲ್ಸ್‌ನ ರೆಂಡರಿಂಗ್ ಟ್ಯಾಬ್‌ನಲ್ಲಿ ಫೋರ್ಸ್ಡ್ ಕಲರ್ಸ್ ಆನ್ ಮಾಡಿದರೆ ಅವರು ನೋಡುವುದು ನಿಮಗೂ ಕಾಣುತ್ತದೆ, ಅಂದರೆ ಸರಿಯಾದ ಬಾಕ್ಸ್ ಮತ್ತು ತಪ್ಪಾದ ಬಾಕ್ಸ್ ಎರಡೂ ಒಂದೇ ಥರ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರ ಪಾಡೂ ಬೇರೆಯಲ್ಲ. ಬಣ್ಣವೊಂದೇ ಸುದ್ದಿ ಹೇಳಬಾರದು ಎಂದು ವೆಬ್ ಎಲ್ಲರಿಗೂ ಬಳಸಲು ಬರಬೇಕೆನ್ನುವ ಡಬ್ಲ್ಯೂಸಿಎಜಿ ನಿಯಮಾವಳಿ ಹೇಳುತ್ತದೆ. 2018ರ 2.1 ಆವೃತ್ತಿ ಇನ್‌ಪುಟ್‌ನಂಥ ಭಾಗಗಳನ್ನು ಗುರುತಿಸಲು ಬೇಕಾದ ಗೆರೆಗೆ ಪಕ್ಕದ ಬಣ್ಣದೊಂದಿಗೆ ಕನಿಷ್ಠ 3:1 ಕಾಂಟ್ರಾಸ್ಟ್ ಕೇಳುತ್ತದೆ. ಕ್ಲಾಸ್ ಟಾಗಲ್ ಮಾಡುವ ಅದೇ ಜಾಗದಲ್ಲಿ ತಪ್ಪಿದೆ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಏರಿಯಾ-ಇನ್‌ವ್ಯಾಲಿಡ್ ಆಟ್ರಿಬ್ಯೂಟನ್ನೂ ಟ್ರೂ ಮಾಡಿ, ಬಾಕ್ಸ್‌ನ ಕೆಳಗೆ ಏನು ತಪ್ಪಾಗಿದೆ ಎಂದು ಒಂದು ಸಾಲು ಬರೆಯಿರಿ. ಆಮೇಲೆ ಫೋರ್ಸ್ಡ್ ಕಲರ್ಸ್ ಇನ್ನೂ ಆನ್ ಇರುವಾಗಲೇ ಫಾರ್ಮ್‌ನಲ್ಲಿ ತಪ್ಪು ತುಂಬಿ ಇನ್ನೊಮ್ಮೆ ನೋಡಿ.